ಕುಣಿಗಲ್ಲಿಗೆ ಹೋಗಿ ಬರಿಗೈಲಿ ಬಂದದ್ದು

ಗುಬ್ಬಿಯ ಆ ತಾಯಿ ಮೊದಲ ಸಲ ನಮ್ಮ ಕೇಂದ್ರಕ್ಕೆ ಬಂದಾಗ ಆಕೆಯ ಎರಡೂ ಮುಂಗೈಗಳ ಮೇಲೆ ಹಲ್ಲಿನ ಗುರುತುಗಳಿದ್ದವು. ಹಳೆಯವು ಕಪ್ಪಾಗಿದ್ದವು, ಹೊಸವು ಇನ್ನೂ ಕೆಂಪಗಿದ್ದವು. ಸೆರಗನ್ನು ಮಣಿಕಟ್ಟಿನವರೆಗೆ ಎಳೆದುಕೊಂಡು ಬೆಂಚಿನ ತುದಿಯಲ್ಲಿ ಕೂತಿದ್ದರು. ನಾಲ್ಕು ವರ್ಷ ದಾಟಿದ ಮಗಳು ಮೂಲೆಯಲ್ಲಿ ಒಂದು ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ತಿರುಗಿಸುತ್ತಿದ್ದಳು. ಹೆಸರು ಹಿಡಿದು ಕರೆದರೆ ನೋಡುತ್ತಿರಲಿಲ್ಲ. ಮಾತು ಬಂದಿರಲಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳು. ತುಮಕೂರಿನಲ್ಲಿ ಒಂದು ಸಣ್ಣ ಸಂಸ್ಥೆ ಬಾಡಿಗೆ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಮಕ್ಕಳ ಸಲಹಾ ಕೇಂದ್ರ ನಡೆಸುತ್ತಿತ್ತು. ಹದಿನೈದು ದಿನಕ್ಕೊಮ್ಮೆ ಬೆಂಗಳೂರಿನಿಂದ ಡಾಕ್ಟರೊಬ್ಬರು ಬಂದು ಮಕ್ಕಳನ್ನು ನೋಡಿ ಹೋಗುತ್ತಿದ್ದರು. ಉಳಿದ ದಿನಗಳ ಕೆಲಸ ನನ್ನದು. ಮಕ್ಕಳಿಗಿಂತ ಹೆಚ್ಚಾಗಿ ತಂದೆತಾಯಿಗೆ ಕಲಿಸುವ ಕೆಲಸ: ಮಗುವನ್ನು ಹೇಗೆ ಊಟಕ್ಕೆ ಕೂರಿಸುವುದು, ಹೇಗೆ ಮಲಗಿಸುವುದು, ರಚ್ಚೆ ಹಿಡಿದಾಗ ಮನೆಯವರು ಏನು ಮಾಡಬಾರದು, ಇಂಥವು. ಡಾಕ್ಟರು ಈ ಹುಡುಗಿಗೆ ಆಟಿಸಂ ಎಂದು ಬರೆದರು. ನಾನು ಆ ಪದವನ್ನು ತಾಯಿಗೆ ಹೇಳಿದಾಗ ಆಕೆ ಕೇಳಿದ್ದು ಒಂದೇ ಮಾತು.

“ಅದಕ್ಕೆ ಮಾತ್ರೆ ಯಾವ್ದು ಮೇಡಂ?”

ಮಾತ್ರೆ ಇಲ್ಲ, ಅಭ್ಯಾಸವೇ ಔಷಧಿ ಎಂದು ಹೇಳಿ ಮನೆಪಾಠ ಬರೆದುಕೊಟ್ಟೆ. ಆಗ ನಮಗೆ ಗೊತ್ತಿದ್ದ ಕ್ರಮ ಹೀಗಿತ್ತು. ಚಡ್ಡಿ ಹಾಕಿಕೊಳ್ಳುವುದನ್ನು ಕಲಿಸಬೇಕಾದರೆ ತೊಡೆಯವರೆಗೂ ನಾವೇ ಏರಿಸಿ, ಕೊನೆಯ ಎಳೆತ ಮಾತ್ರ ಮಗುವಿಗೆ ಬಿಡುವುದು. ಅದು ಕೈಗೆ ಹತ್ತಿದ ಮೇಲೆ ಅದರ ಹಿಂದಿನದು. ಪ್ರತಿ ಸಲ ಮಾಡಿದಾಗಲೂ ಕೂಡಲೇ ನಾಲ್ಕು ಕಾಳು ಕಡ್ಲೆಪುರಿ. ಲೋಟ ಹಿಡಿಯುವುದು, ಮಣೆಯ ಮೇಲೆ ಕೂರುವುದು, ಎಲ್ಲವೂ ಇದೇ ರೀತಿ, ದಿನಕ್ಕೆ ಹಲವು ಸಲ. ಯಾರು ಕಲಿಸಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ತಾಯಿ ಎಂದೇ ಎಲ್ಲರ ಲೆಕ್ಕ.

ಕೆಲವು ಸಲ ತಪ್ಪದೆ ಬಂದ ಆಕೆ ಆಮೇಲೆ ಬರುವುದನ್ನು ನಿಲ್ಲಿಸಿಬಿಟ್ಟರು. ನಾನು ಗುಬ್ಬಿಗೆ ಹೋದೆ. ಪೇಟೆಯ ಹಿಂದಿನ ಬೀದಿಯಲ್ಲಿ ಹೆಂಚಿನ ಮನೆ. ಬಾಗಿಲು ತೆರೆದದ್ದು ಅಜ್ಜಿ, ಹುಡುಗಿಯ ತಂದೆಯ ತಾಯಿ. ಒಳಗೆ ತಾಯಿ ಗೋಡೆಗೆ ಒರಗಿ ಕೂತಿದ್ದರು. ಬಲಗೈಗೆ ಮೊಣಕೈಯವರೆಗೆ ಬಟ್ಟೆ ಸುತ್ತಿತ್ತು. ಹುಡುಗಿಯ ಸೊಂಟಕ್ಕೆ ಹಳೆಯ ಸೀರೆಯ ತುಂಡು ಕಟ್ಟಿ, ಇನ್ನೊಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿದಿದ್ದರು.

“ಹಿಟ್ಟು ತೊಳಸ್ತಾ ತೊಳಸ್ತಾ ನಿದ್ದೆ ಹೋಗ್ಬುಟ್ಟವ್ಳೆ ಕಣವ್ವ,” ಎಂದರು ಅಜ್ಜಿ. “ಮುದ್ದೆ ಪಾತ್ರೆ ಕೈ ಮ್ಯಾಲೆ ಮಗುಚ್ಕೊಂಡ್ಲು.”

ಹುಡುಗಿ ರಾತ್ರಿ ಒಂದೆರಡು ಗಂಟೆಗಿಂತ ಹೆಚ್ಚು ಮಲಗುತ್ತಿರಲಿಲ್ಲ. ಮನೆಯವರಿಗೆ ತೊಂದರೆಯಾಗಬಾರದೆಂದು ತಾಯಿ ಅವಳನ್ನು ಎತ್ತಿಕೊಂಡು ಹಿತ್ತಲಲ್ಲಿ ಓಡಾಡುತ್ತಿದ್ದರು. ಬೆಳಗಾದರೆ ಮನೆಗೆಲಸ. ಅದರ ಮೇಲೆ ನಾನು ಕೊಟ್ಟ ಪಾಠ.

“ಮಾಡ್ಸಿದೀನಿ ಮೇಡಂ, ಬಿಟ್ಟಿಲ್ಲ,” ಎಂದರು ತಾಯಿ, ನಾನು ಏನನ್ನೂ ಕೇಳುವ ಮೊದಲೇ. “ಈ ವಾರ ಕೈ ಸುಟ್ಟಿದ್ದಕ್ಕೆ ಆಗ್ಲಿಲ್ಲ ಅಷ್ಟೇ.”

ಆಮೇಲೆ ಅಜ್ಜಿ ನನ್ನನ್ನು ಜಗಲಿಗೆ ಕರೆದು ದನಿ ತಗ್ಗಿಸಿ ಇನ್ನೊಂದು ವಿಷಯ ಹೇಳಿದರು. ತುಮಕೂರಿನಲ್ಲಿರುವ ಅವರ ದೊಡ್ಡ ಮಗನದು ಒಂದು ಸಲಹೆ. ದೂರದ ಯಾವುದಾದರೂ ಕ್ಷೇತ್ರಕ್ಕೆ, ಜನ ಸೇರುವ ದಿನ ನೋಡಿ, ಮಗುವನ್ನು ಕರೆದುಕೊಂಡು ಹೋಗುವುದು. ದರ್ಶನ ಮಾಡಿಸುವುದು. ಬರುವಾಗ ಮಗುವನ್ನು ಅಲ್ಲೇ ಬಿಟ್ಟು ಬರುವುದು.

“ದೇವರ ಪಾಲು ಅಂತಾನೆ. ಯಾರಾದ್ರೂ ಪುಣ್ಯಾತ್ಮರು ಸಾಕ್ತಾರಂತೆ.” ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಬ್ಯಾಡ ಅನ್ನಕ್ಕೂ ನಂಗೆ ಬಾಯಿ ಬರ್ತಿಲ್ಲ ಕಣವ್ವ. ಸೊಸೆ ಸತ್ತೋಯ್ತಾಳೆ ಹಿಂಗೇ ಇದ್ರೆ.”

“ನಿಮ್ಮ ಚಿಕ್ಕ ಮಗ ಏನಂತಾರೆ?”

“ಅವ್ನೇನು ಅನ್ನಲ್ಲ. ಸುಮ್ನೆ ಕೇಳ್ಕೋತಾನೆ.”

ಹುಡುಗಿಯ ತಂದೆ ಸೊಸೈಟಿಯಲ್ಲಿ ಗುಮಾಸ್ತರು. ಅಲ್ಲಿಗೇ ಹೋಗಿ, ಊಟದ ಬಿಡುವಿನಲ್ಲಿ ಹೊರಗಿನ ಬೇವಿನ ಮರದ ಕೆಳಗೆ ಅವರೊಡನೆ ಮಾತಾಡಿದೆ. ಮೆತ್ತನೆ ಮಾತಿನ ಮನುಷ್ಯ. ನನ್ನ ಮುಖ ನೋಡದೆ ಹೇಳಿದರು:

“ನಂಗೂ ಸಂಕಟ ಆಗುತ್ತೆ ಮೇಡಂ. ಆದ್ರೆ ಅಣ್ಣ ಹೇಳೋದ್ರಲ್ಲೂ ಅರ್ಥ ಇದೆ. ಎಷ್ಟು ದಿನ ಅಂತ?”

ಅವರ ದಿನಚರಿ ಕೇಳಿದೆ. ಬೆಳಿಗ್ಗೆ ಎದ್ದು ಹೋಟೆಲಿಗೆ ಹೋಗಿ ಕಾಫಿ ಕುಡಿದು ಪೇಪರ್ ಓದುವುದು, ಬಂದು ಸ್ನಾನ ಮಾಡಿ ಕೆಲಸಕ್ಕೆ. ಸಂಜೆ ಬಂದಾಗ ಮಗು ಹಿತ್ತಲಲ್ಲಿ. ಹುಟ್ಟಿದಾಗಿನಿಂದ ಒಂದು ಗಂಟೆಯಾದರೂ ಅವರೊಬ್ಬರೇ ಆ ಮಗುವಿನ ಜೊತೆ ಇದ್ದದ್ದಿರಲಿಲ್ಲ. ಕ್ರೂರಿಯಲ್ಲ. ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

“ಒಂದು ತಿಂಗಳು ನಿಮ್ಮ ಬೆಳಗಿನ ಹೊತ್ತು ನನಗೆ ಕೊಡಿ,” ಎಂದೆ. “ಮಗುವನ್ನು ನೀವು ನೋಡಿಕೊಳ್ಳಿ. ನಾನೂ ಜೊತೆಗಿರ್ತೀನಿ. ಆಮೇಲೆ ನಿಮ್ಮ ಅಣ್ಣನಿಗೆ ಏನು ಹೇಳಬೇಕೋ ಹೇಳಿ.”

ಒಪ್ಪಿದರು. ಎಲ್ಲವನ್ನೂ ಮಾಡಿ ನೋಡಿದೆವು ಎಂದು ಹೇಳಿಕೊಳ್ಳಲು ಒಂದು ಆಧಾರ ಬೇಕಾಗಿತ್ತೇನೋ.

ನಾನು ಮೊದಲ ಬಸ್ಸಿಗೆ ಗುಬ್ಬಿಗೆ ಹೋಗುತ್ತಿದ್ದೆ. ಗೊತ್ತುಮಾಡಿದ ಕ್ರಮ ಸರಳವಾಗಿತ್ತು. ತಂದೆ ಮಗುವಿನ ಮುಖ ತೊಳೆಸಿ, ಬಟ್ಟೆ ಹಾಕಿಸಿ, ಕೈ ಹಿಡಿದು ರೈಲ್ವೆ ಗೇಟಿನವರೆಗೆ ನಡೆಸಿಕೊಂಡು ಹೋಗಿ ಬರಬೇಕು. ಹಗಲು ದಣಿದರೆ ರಾತ್ರಿ ನಿದ್ದೆ ಕೂಡಿಬರುತ್ತದೆ ಎಂಬುದು ಒಂದು ಲೆಕ್ಕ. ಆ ಹೊತ್ತಿನಲ್ಲಿ ತಾಯಿ ಯಾವ ಕೆಲಸವನ್ನೂ ಮಾಡಕೂಡದು. ಪಕ್ಕದ ಮನೆಯವರ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿ ಮಲಗಬೇಕು. ಇದು ಇನ್ನೊಂದು. ಅಜ್ಜಿಗೆ ಎರಡೂ ಸರಿಬರಲಿಲ್ಲ. “ಗಂಡಸು ಮಗೀನ ಕುಂಡಿ ತೊಳೆಯೋದು, ಹೆಂಗಸು ಹಗಲೊತ್ತಲ್ಲಿ ಕಾಲು ಚಾಚೋದು. ಚೆನ್ನಾಗೈತೆ ಕಣವ್ವ ನಿಮ್ಮ ಪಾಠ,” ಎಂದರು. ಆದರೂ ಒಲೆಯ ಮುಂದೆ ತಾವೇ ಕೂತರು.

ಮೊದಲ ವಾರ ಏನೂ ನಡೆಯಲಿಲ್ಲ. ಹುಡುಗಿ ಬೀದಿಯ ತಿರುವಿನವರೆಗೆ ಬಂದು, ಅಲ್ಲಿಂದ ಮುಂದೆ ನೆಲಕ್ಕೆ ಬಿದ್ದು ಕಿರುಚುತ್ತಿದ್ದಳು. ತನ್ನ ಕೈ ತಾನೇ ಕಚ್ಚಿಕೊಳ್ಳುತ್ತಿದ್ದಳು. ಬಿಡಿಸಲು ಹೋದವರ ಕೈಯನ್ನೂ ಕಚ್ಚುತ್ತಿದ್ದಳು. ಎತ್ತಿಕೊಂಡು ದಾಟಿಸಿದರೆ ಗೇಟಿನವರೆಗೂ ಅಳು. ಜನ ನಿಂತು ನೋಡುತ್ತಿದ್ದರು. ಒಂದು ದಿನ ಯಾರೋ “ಹಿಂಗಾ ಮಗೀನ ಎಳ್ಕೊಂಡೋಗೋದು?” ಎಂದು ಗದರಿದರು. ತಂದೆ ಹುಡುಗಿಯ ಕೆನ್ನೆಗೆ ಹೊಡೆದರು. ಹೊಡೆದ ಕೈಯನ್ನು ಒಂದು ಕ್ಷಣ ನೋಡಿಕೊಂಡು, ಮಗುವನ್ನು ಅಲ್ಲೇ ನನ್ನ ಕಾಲ ಬಳಿ ಬಿಟ್ಟು ಪೇಟೆಯ ಕಡೆ ನಡೆದುಹೋದರು. ನಾನು ಮಗುವನ್ನು ಮನೆಗೆ ಮುಟ್ಟಿಸಿ ಬಸ್ಸು ಹತ್ತಿದೆ. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಮಾರನೆಯ ದಿನ ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಲೇ ಹೋದೆ. ತಂದೆ ಅಂಗಿ ಹಾಕಿಕೊಂಡು ಜಗಲಿಯ ಮೇಲೆ ನಿಂತಿದ್ದರು.

“ಮೇಡಂ, ಒಂದು ವಿಷ್ಯ. ನಿನ್ನೆ ಸಾಯಂಕಾಲ ಕರೆಂಟ್ ಇರ್ಲಿಲ್ಲ. ಅವಾಗ ನಮ್ಮಮ್ಮ ಇವಳನ್ನ ಅಂಗಡಿಗೆ ಕರ್ಕೊಂಡೋದ್ರು, ಅದೇ ದಾರೀಲಿ. ಏನೂ ಗಲಾಟೆ ಮಾಡ್ಲಿಲ್ವಂತೆ. ಅಲ್ಲಿ ತಿರುವಲ್ಲಿ ಹಿಟ್ಟಿನ ಮಿಷನ್ ಇದೆಯಲ್ಲ. ಕರೆಂಟ್ ಇಲ್ದಿದ್ರೆ ಅದೂ ಇಲ್ಲ.”

ಆ ಗಿರಣಿಯ ಸದ್ದು ನನ್ನ ಕಿವಿಗೆ ಸದ್ದಾಗಿಯೇ ಬಿದ್ದಿರಲಿಲ್ಲ. ಬೀದಿಯ ಒಂದು ಭಾಗವಾಗಿಬಿಟ್ಟಿತ್ತು.

“ಬ್ಯಾರೆ ದಾರಿ ಇದೆ, ತೋಟದ ಹಿಂದೆ. ಸುತ್ತಾಗುತ್ತೆ. ಹೋಗೋಣ್ವಾ?”

ಆ ದಿನ ಹುಡುಗಿ ತಂದೆಯ ಕಿರುಬೆರಳು ಹಿಡಿದು ಗೇಟಿನವರೆಗೂ ನಡೆದಳು. ಗೂಡ್ಸ್ ಗಾಡಿಯೊಂದು ಹೋಯಿತು. ಅದಕ್ಕೂ ಬೆಚ್ಚಬಹುದೆಂದು ನಾವಿಬ್ಬರೂ ಉಸಿರು ಹಿಡಿದು ನಿಂತೆವು. ಆಕೆ ಬೆಚ್ಚಲಿಲ್ಲ, ಕುಣಿದಳು. ಯಾವ ಸದ್ದು ಆಗುತ್ತದೆ, ಯಾವುದು ಆಗದು ಎಂಬುದಕ್ಕೆ ನಮ್ಮ ಬಳಿ ಯಾವ ಸೂತ್ರವೂ ಇರಲಿಲ್ಲ. ನೋಡಿ ನೋಡಿಯೇ ಕಲಿಯಬೇಕಿತ್ತು. ಆ ದಿನದಿಂದ ತಂದೆ ನೋಡತೊಡಗಿದರು.

ತಾಯಿಗೆ ಮೊದಮೊದಲು ಮಲಗಲು ಬರಲಿಲ್ಲ. ಪಕ್ಕದ ಮನೆಯವರ ರಾಗಿ ಹಸನು ಮಾಡಿಕೊಡುತ್ತ ಕೂತಿರುತ್ತಿದ್ದರು. ಮೈ ಮರೆತು ಮಲಗುವುದಕ್ಕೆ ಒಂದು ವಾರ ಹಿಡಿಯಿತು. ಆಮೇಲಂತೂ ಎಬ್ಬಿಸಿದರೂ ಏಳುತ್ತಿರಲಿಲ್ಲ. ನನಗೆ ಸಮಾಧಾನವಾಗಿತ್ತು. ಕೆಲಸ ದಾರಿಗೆ ಬಿತ್ತು ಎಂದು ಡಾಕ್ಟರಿಗೆ ವರದಿ ಮಾಡಿದೆ.

ಅದಾದ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ, ನಾವು ಗೇಟಿನಿಂದ ಹಿಂತಿರುಗಿದಾಗ ಪಕ್ಕದ ಮನೆಯ ಚಾಪೆ ಸುತ್ತಿಟ್ಟಿತ್ತು. ತಾಯಿ ಒಂದು ಚೀಲ ಹಿಡಿದುಕೊಂಡು ಬಸ್ಸು ಹತ್ತಿ ಹೋಗಿದ್ದರು. ಪಕ್ಕದ ಮನೆಯಾಕೆಗೆ ಹೇಳಿಹೋದದ್ದು ಇಷ್ಟೇ: “ಕುಣಿಗಲ್‌ಗೆ ಹೋಗ್ತಿದೀನಿ, ನಮ್ಮಣ್ಣನ ಮನೆಗೆ. ಕರಿಯೋಕೆ ಯಾರೂ ಬರೋದು ಬ್ಯಾಡ.”

ಆ ಸಂಜೆಯೇ ತುಮಕೂರಿನಿಂದ ದೊಡ್ಡ ಮಗ ಬಂದಿಳಿದರು. ಮಾರನೆಯ ದಿನ ನಾನು ಹೋದಾಗ ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದರು. ದನಿ ಏರಿಸಲಿಲ್ಲ.

“ಬನ್ನಿ ಮೇಡಂ. ರೆಸ್ಟು ಕೊಡ್ಸಿ ಕೊಡ್ಸಿ ಮನೆ ಹೆಂಗಸನ್ನ ಓಡಿಸ್ಬಿಟ್ರಿ. ಸಂತೋಷ. ಈಗ ಹೆತ್ತೋಳೇ ಬ್ಯಾಡ ಅಂತ ಹೋದ್ಮೇಲೆ ಇನ್ಯಾರ್ರೀ ಸಾಕೋದು? ಈ ಹುಣ್ಣಿಮೆಗೆ ನಾನೇ ಮಗೀನ ಕರ್ಕೊಂಡೋಗ್ತೀನಿ.”

ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ತಂದೆ ಕಂಬಕ್ಕೆ ಒರಗಿ ನಿಂತಿದ್ದರು. ಮಗು ಅವರ ಕಾಲ ಬಳಿ ಮುಚ್ಚಳ ತಿರುಗಿಸುತ್ತಿತ್ತು.

ಡಾಕ್ಟರ ಅಭಿಪ್ರಾಯವೂ ಸ್ಪಷ್ಟವಾಗಿತ್ತು. “ತಾಯಿ ಇಲ್ಲದೆ ಮನೆಪಾಠ ನಡೆಯೋದಿಲ್ಲ. ಮೊದಲು ಆಕೆಯನ್ನ ಕರೆತನ್ನಿ. ಬಾರದಿದ್ದರೆ ಕೇಸು ಮುಚ್ಚೋದೇ ಸರಿ.” ಅವರ ಮಾತಿನಲ್ಲಿ ಕೋಪವಿರಲಿಲ್ಲ. ಆಗ ಪುಸ್ತಕಗಳೂ ಹಾಗೆಯೇ ಹೇಳುತ್ತಿದ್ದವು.

ತಾಯಿಯನ್ನು ಕರೆತರಲೆಂದೇ ನಾನು ಕುಣಿಗಲ್ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡೆ. ನಿಮ್ಮ ಭಾವನ ಯೋಚನೆ ನಿಮಗೆ ಗೊತ್ತಲ್ಲ. ನೀವು ಬಂದರೆ ಮಾತ್ರ ಮಗು ಉಳಿಯುತ್ತದೆ. ಇದನ್ನು ಹೇಳಿದರೆ ಆಕೆ ಖಂಡಿತ ಹೊರಟುಬರುತ್ತಾರೆ ಎಂದು ನನಗೆ ಗೊತ್ತಿತ್ತು.

ಅಣ್ಣನ ಮನೆಯ ಹಿತ್ತಲಲ್ಲಿ ಆಕೆ ಅತ್ತಿಗೆಯ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಮುಖ ಊದಿಕೊಂಡಿತ್ತು, ಬಹಳ ಮಲಗಿದವರ ಮುಖದ ಹಾಗೆ. ನನ್ನನ್ನು ಕಂಡು ಏಳಲಿಲ್ಲ. ಅತ್ತಿಗೆ ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದರು.

“ಕರಿಯೋಕೆ ಬಂದ್ರಾ ಅಕ್ಕಾ?”

ಅದುವರೆಗೂ ನಾನು ಆಕೆಗೆ ಮೇಡಂ ಆಗಿದ್ದೆ.

“ಮಾತಾಡೋಣ ಅಂತ ಬಂದೆ.”

ಆಕೆ ಎರಡು ಮೂರು ಕಾಯಿ ಸುಲಿದರು. ಆಮೇಲೆ ತಲೆ ಎತ್ತದೆ ಹೇಳಿದರು:

“ನೀವು ಮಲಗಿ ಮಲಗಿ ಅಂದ್ರಿ. ಮಲಗೋಕೆ ಮುಂಚೆ ನಂಗೆ ಏನೂ ಯೋಚ್ನೆ ಬರ್ತಿರ್ಲಿಲ್ಲ ಅಕ್ಕಾ. ಗಾಣದೆತ್ತಿನ ಥರ ಸುತ್ತುತ್ತಿದ್ದೆ. ಚೆನ್ನಾಗಿ ನಿದ್ದೆ ಬಂದು ಎದ್ದಮೇಲೆ ಎಲ್ಲಾ ಜ್ಞಾಪಕ ಬಂತು. ಕೈ ಸುಡೋಕೆ ಮೊದ್ಲು ಒಂದಿನ ಪುಟ್ಟೀನ ಎತ್ಕೊಂಡು ಕೆರೆ ಏರಿ ಮೇಲೆ ಹೋಗಿದ್ದೆ. ಯಾತಕ್ಕೆ ಅಂತ ಕೇಳ್ಬೇಡಿ. ಅವಳು ನೀರು ನೋಡಿ ನಕ್ಕಳು. ಅಷ್ಟಕ್ಕೇ ವಾಪಸ್ ಬಂದೆ. ಇನ್ನೊಂದ್ಸಲ ಅವಳು ನಗದೆ ಹೋದ್ರೆ?”

ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳನ್ನು ಕೈಬಿಟ್ಟೆ.

“ಅದಕ್ಕೇ ಬಂದ್ಬಿಟ್ಟೆ. ನಾನು ಅಲ್ಲಿಲ್ದಿದ್ರೆ ಅವಳು ಬದುಕಿರ್ತಾಳೆ ಅಂತ.” ಈಗ ತಲೆ ಎತ್ತಿದರು. “ಆದ್ರೆ ನಮ್ಮ ಭಾವ ಕರ್ಕೊಂಡೋಗಿ ಬಿಟ್ಟು ಬಂದ್ಬಿಡ್ತಾರೆ, ಅಲ್ವಾ? ನೀವು ಬಾ ಅಂದ್ರೆ ಬರ್ತೀನಿ ಅಕ್ಕಾ.”

ಕೆಲಸದಲ್ಲಿ ಅಷ್ಟು ಕಷ್ಟದ ಗಳಿಗೆ ನನಗೆ ಮತ್ತೆ ಬಂದಿಲ್ಲ. ಬನ್ನಿ ಎಂದರೆ ಡಾಕ್ಟರ ಮಾತು ನಡೆಯುತ್ತಿತ್ತು, ದೊಡ್ಡ ಮಗನ ಬಾಯಿ ಮುಚ್ಚುತ್ತಿತ್ತು. ಆದರೆ ಆಕೆ ಹೋಗುವುದು ಅದೇ ಹಿತ್ತಲಿಗೆ, ಅದೇ ಏರಿಯ ಹತ್ತಿರಕ್ಕೆ. ಬೇಡ ಎಂದರೆ ಮಗುವಿನ ಪಾಡೇನು ಎಂಬುದು ನನ್ನ ಕೈಯಲ್ಲಿರಲಿಲ್ಲ.

“ಬರಬೇಡಿ,” ಎಂದೆ. “ಸದ್ಯಕ್ಕೆ ಇಲ್ಲೇ ಇರಿ.”

ಮಗುವನ್ನು ಯಾರೂ ಬಿಟ್ಟುಬರದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಮಾತು ಕೊಡಲು ನನಗೆ ನಾಲಿಗೆ ಬರಲಿಲ್ಲ. ಪ್ರಯತ್ನ ಮಾಡುತ್ತೇನೆ ಎಂದಷ್ಟೇ ಹೇಳಿದೆ. ಏರಿಯ ಮೇಲೆ ಹೋದದ್ದನ್ನು ಗಂಡನಿಗೆ ಹೇಳಲೇ ಎಂದು ಕೇಳಿದೆ. ಆಕೆ ಮಡಿಲಿನ ಸಿಪ್ಪೆಯನ್ನು ಕೊಡವಿದರು.

“ಅವರೊಬ್ಬರಿಗೆ ಹೇಳಿ. ಅತ್ತೆಗೆ ಬ್ಯಾಡ.”

ಅತ್ತಿಗೆಯನ್ನು ಬೇರೆ ಕರೆದು, ಆಕೆಯನ್ನು ಒಂಟಿಯಾಗಿ ಬಿಡಬಾರದು, ಡಾಕ್ಟರು ಬಂದ ದಿನ ತುಮಕೂರಿಗೆ ಕರೆತರಬೇಕು ಎಂದು ಬಿಡಿಸಿ ಹೇಳಿದೆ. ಆ ಹೆಂಗಸು ಏನನ್ನೂ ಪ್ರಶ್ನಿಸಲಿಲ್ಲ. “ನನ್ ಪಕ್ಕದಲ್ಲೇ ಮಲಗಿಸ್ಕೋತೀನಿ ಬುಡಿ,” ಎಂದರು.

ಗುಬ್ಬಿಯಲ್ಲಿ ಮಾರನೆಯ ಬೆಳಿಗ್ಗೆ ರೈಲ್ವೆ ಗೇಟಿನ ಬಳಿ ತಂದೆಗೆ ಎಲ್ಲವನ್ನೂ ಹೇಳಿದೆ. ಅವರು ಮೈಲಿಗಲ್ಲಿನ ಮೇಲೆ ಕೂತುಬಿಟ್ಟರು. ಹುಡುಗಿ ಹಳಿಯ ಕಡೆ ಎಳೆಯುತ್ತಿದ್ದಳು. ಅವಳ ಕೈಯನ್ನು ಮಾತ್ರ ಅವರು ಬಿಡಲಿಲ್ಲ.

“ನಂಗ್ಯಾಕೆ ಹೇಳ್ಲಿಲ್ಲ ಅವಳು?”

ಉತ್ತರ ಅವರಿಗೇ ಗೊತ್ತಿತ್ತು.

ಹುಣ್ಣಿಮೆಗೆ ಮುಂಚೆ ದೊಡ್ಡ ಮಗ ಮತ್ತೆ ಬಂದರು. ನಾನು ಆಗ ಅಜ್ಜಿಗೆ ಚಡ್ಡಿಯ ಪಾಠ ತೋರಿಸುತ್ತಿದ್ದೆ. ಮಗುವಿನ ಬಟ್ಟೆ ಒಂದು ಚೀಲಕ್ಕೆ ಹಾಕಿ ಎಂದರು ಅವರು. ತಂದೆ ಒಳಗಿನಿಂದ ಬಂದು ಬಾಗಿಲಿಗೆ ಅಡ್ಡವಾಗಿ ನಿಂತರು. ಜನ್ಮದಲ್ಲಿ ಅಣ್ಣನಿಗೆ ಎದುರಾಡಿದವರಲ್ಲ.

“ಬ್ಯಾಡ ಅಣ್ಣ.”

“ಏನ್ಲಾ ಬ್ಯಾಡ? ಹೆತ್ತೋಳು ಬಿಟ್ಟೋದ್ಲಲ್ಲೋ!”

“ಅವಳು ಬಿಟ್ಟೋಗಿಲ್ಲ. ಸುಸ್ತಾಗಿ ಹೋಗವ್ಳೆ. ನಾನಿದೀನಲ್ಲ. ನನ್ ಮಗಳನ್ನ ಯಾರೂ ಎಲ್ಲಿಗೂ ಕರ್ಕೊಂಡೋಗಂಗಿಲ್ಲ.”

“ನೀನು ಸಾಕ್ತೀಯಾ? ನೀನು?”

“ಹೂಂ.”

ದೊಡ್ಡ ಮಗ ಅಜ್ಜಿಯ ಕಡೆ ತಿರುಗಿದರು. ಅಜ್ಜಿ ಮಗುವಿನ ಚಡ್ಡಿಯನ್ನು ಹಿಡಿದುಕೊಂಡು ನೆಲ ನೋಡುತ್ತ ಕೂತಿದ್ದರು. “ಹೋಗ್ಲಿ ಬುಡು ಮಗ,” ಎಂದರು ಕೊನೆಗೆ. ದೊಡ್ಡ ಮಗ ಚಪ್ಪಲಿ ಮೆಟ್ಟಿ ಹೊರಟುಹೋದರು. ನನಗೆ ತಿಳಿದಂತೆ ಆ ಮನೆಗೆ ಮತ್ತೆ ಬರಲಿಲ್ಲ, ಅಜ್ಜಿ ಅದಕ್ಕಾಗಿ ಎಷ್ಟೋ ಸಲ ಅತ್ತರು.

ಡಾಕ್ಟರಿಗೆ ನಡೆದದ್ದನ್ನು ಹೇಳಿದಾಗ ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. “ತಂದೆಗೆ ಕಲಿಸಿ ನೋಡಿ. ತಾಯಿಯನ್ನ ನಾನು ಪ್ರತ್ಯೇಕವಾಗಿ ನೋಡ್ತೀನಿ,” ಎಂದರು.

ಮುಂದಿನ ದಿನಗಳು ಸುಲಭವಾಗಿರಲಿಲ್ಲ. ತಂದೆ ಸೊಸೈಟಿಗೆ ರಜೆ ಹಾಕಿದರು. ಮಗುವಿಗೆ ಜ್ವರ ಬಂತು. ಕಡ್ಲೆಪುರಿ ಬಿಟ್ಟು ಏನನ್ನೂ ಮುಟ್ಟಲಿಲ್ಲ. ತಾಯಿ ಹೋದದ್ದು ಅದಕ್ಕೆ ಗೊತ್ತೇ ಆಗಿಲ್ಲ ಎನ್ನುತ್ತಿದ್ದರು ಅಜ್ಜಿ. ನನಗೆ ಹಾಗನ್ನಿಸಲಿಲ್ಲ. ಮಧ್ಯಾಹ್ನವಾದರೆ ಹುಡುಗಿ ಒರಳುಕಲ್ಲಿನ ಪಕ್ಕ ಹೋಗಿ ನಿಲ್ಲುತ್ತಿದ್ದಳು. ಆ ಹೊತ್ತಿಗೆ ತಾಯಿ ಅಲ್ಲಿ ಕೂರುತ್ತಿದ್ದರು. ನಿಂತು, ಏನನ್ನೂ ನೋಡದೆ, ಕಲ್ಲಿಗೆ ಕೆನ್ನೆ ಒತ್ತಿ, ಬಹಳ ಹೊತ್ತು ಹಾಗೇ ಇರುತ್ತಿದ್ದಳು. ಒಂದು ದಿನ ತಂದೆ ಅದನ್ನು ನೋಡಿದರು. ಮರುದಿನ ನನ್ನನ್ನು ಕೇಳಿದರು: “ಕುಣಿಗಲ್‌ವರೆಗೂ ಕರ್ಕೊಂಡೋಗೋದು ಹೆಂಗೆ ಮೇಡಂ?”

ಎರಡು ಬಸ್ಸು, ನಡುವೆ ತುಮಕೂರಿನ ಬಸ್ ಸ್ಟ್ಯಾಂಡಿನ ಗದ್ದಲ. ಹಂತ ಹಂತವಾಗಿ ಹೋದೆವು. ಮೊದಲು ಬಸ್ ಸ್ಟ್ಯಾಂಡಿನ ಹೊರಗೆ ನಿಂತು ನೋಡಿ ಬರುವುದು. ಆಮೇಲೆ ನಿಂತ ಬಸ್ಸು ಹತ್ತಿ ಇಳಿಯುವುದು. ಆಮೇಲೆ ಮುಂದಿನ ಸ್ಟಾಪಿನವರೆಗೆ ಹೋಗಿ ನಡೆದುಕೊಂಡು ಬರುವುದು. ಇಂಜಿನ್ನಿನ ಹತ್ತಿರದ ಸೀಟು ಆಗದು, ಹಿಂದಿನ ಕಿಟಕಿ ಆಗುತ್ತದೆ ಎಂದು ತಂದೆಯೇ ಕಂಡುಕೊಂಡರು. ಕಿವಿ ಮುಚ್ಚುವಂತೆ ಟವೆಲನ್ನು ತಲೆಗೆ ಸುತ್ತುವುದೂ ಅವರದೇ ಯೋಚನೆ.

ಹೊರಟ ದಿನ ನಾನೂ ಜೊತೆಗಿದ್ದೆ. ಬಸ್ಸಿನಲ್ಲಿ ಯಾರೋ “ಮಗೀಗೇನಾಗೈತೆ?” ಎಂದು ಕೇಳಿದರು. “ಏನೂ ಆಗಿಲ್ಲ. ಜಾಸ್ತಿ ಸದ್ದು ಆಗಲ್ಲ ಅವಳಿಗೆ,” ಎಂದರು ತಂದೆ, ಕೇಳಿದವರ ಮುಖ ನೋಡಿ.

ಕುಣಿಗಲ್ಲಿನ ಮನೆಯ ಜಗಲಿಯಲ್ಲಿ ತಾಯಿ ನಿಂತಿದ್ದರು. ಹುಡುಗಿ ಆಕೆಯನ್ನು ದಾಟಿಕೊಂಡು, ನೋಡದೆಯೇ, ಸೀದಾ ಹಿತ್ತಲಿನ ನೀರಿನ ತೊಟ್ಟಿಯ ಬಳಿ ಹೋಗಿ ಕೈ ಅದ್ದಿದಳು. ತಾಯಿ ಕಂಬ ಹಿಡಿದುಕೊಂಡು, ಗಂಡನನ್ನು ನೋಡದೆ ಕೇಳಿದರು:

“ಏನ್ ತಿಂದ್ಲು?”

“ಬೆಳಿಗ್ಗೆ ಅನ್ನ ಮೊಸರು. ಆರಿರ್ಬೇಕು, ಬಿಸಿ ಇದ್ರೆ ಮುಟ್ಟಲ್ಲ. ಕಂಚಿನ ತಟ್ಟೆ ಬ್ಯಾಡ, ಚಮಚ ತಾಗಿದ್ರೆ ಸದ್ದಾಗುತ್ತೆ. ಎಲೇಲಿ ಹಾಕಿದ್ರೆ ತಿಂತಾಳೆ. ನಾವು ನೋಡ್ತಾ ಕೂತ್ರೆ ತಿನ್ನಲ್ಲ, ಬೇರೆ ಕಡೆ ತಿರುಗ್ಬೇಕು.”

ತಾಯಿ ಆಗ ಅತ್ತರು, ದನಿ ತೆಗೆದು. ಅತ್ತಿಗೆ ಬಂದು ಹಿಡಿದುಕೊಂಡರು. ಮಧ್ಯಾಹ್ನ ಹುಡುಗಿ ತಾನಾಗಿ ಬಂದು ತಾಯಿಯ ಮೊಣಕಾಲಿಗೆ ಬೆನ್ನು ಕೊಟ್ಟು ಕೂತಳು, ಮುಖ ಗೋಡೆಯ ಕಡೆಗೆ.

ಆ ದಿನ ತಾಯಿ ನಮ್ಮ ಜೊತೆ ಬರಲಿಲ್ಲ. ಬಾ ಎಂದು ಗಂಡನೂ ಕರೆಯಲಿಲ್ಲ. “ಮುಂದಿನ ಭಾನುವಾರ ಬರ್ತೀವಿ,” ಎಂದಷ್ಟೇ ಹೇಳಿದರು. ಹಾಗೆ ಹಲವು ಭಾನುವಾರ ಹೋದರು. ಯುಗಾದಿ ಕಳೆದ ಮೇಲೆ ಆಕೆ ಗುಬ್ಬಿಗೆ ಬಂದರು. ಬೆಳಗಿನ ಹೊತ್ತು ಮಗು ತಂದೆಯದು ಎಂಬುದು ಮಾತ್ರ ಬದಲಾಗಲಿಲ್ಲ.

ನಾನು ಆ ಕೇಂದ್ರದಲ್ಲಿದ್ದಷ್ಟು ಕಾಲ ಹುಡುಗಿಗೆ ಮಾತು ಬರಲಿಲ್ಲ. ಕಚ್ಚುವುದು ಕಡಿಮೆಯಾಗಿ ಮತ್ತೆ ಹೆಚ್ಚಾಯಿತು. ಅವಳು ದೊಡ್ಡವಳಾದ ಮೇಲೆ ಏನು ಎಂದು ತಂದೆತಾಯಿ ಪ್ರತಿ ಸಲ ಕೇಳುತ್ತಿದ್ದರು.

ಕೇಂದ್ರ ಬಿಡುವ ವರ್ಷ ಒಂದು ಮಧ್ಯಾಹ್ನ ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಆಕೆ ಎದುರಾದರು. ಹೂ ಮುಡಿದಿದ್ದರು. ಜೊತೆಗೆ ಕುಣಿಗಲ್ಲಿನ ಅತ್ತಿಗೆ. ನನ್ನನ್ನು ಕಂಡು, ಕದ್ದು ಸಿಕ್ಕಿಬಿದ್ದವರಂತೆ ಕೆಂಪಾದರು.

“ಪುಟ್ಟೀನ ಬಿಟ್ಟು ಬಂದಿದೀನಿ ಅಂತ ಬೈಬೇಡಿ ಅಕ್ಕಾ. ಅವರಪ್ಪನ ಹತ್ರ ಇದಾಳೆ.” ಸ್ವಲ್ಪ ತಡೆದು ಸೇರಿಸಿದರು, “ಸಿನಿಮಾಕ್ಕೆ ಬಂದ್ವಿ.”

“ಹೊತ್ತಾಗುತ್ತೆ, ಹೋಗಿ,” ಎಂದೆ. ಇಬ್ಬರೂ ಸೆರಗು ಸರಿಮಾಡಿಕೊಂಡು, ಬಸ್ಸುಗಳ ನಡುವೆ ದಾರಿ ಮಾಡಿಕೊಂಡು, ಬೇಗ ಬೇಗ ನಡೆದುಹೋದರು.